ಬೋರ್ಡಿನ ಲೆಕ್ಕಕ್ಕೂ ಬೆರಳಿನ ಕಟ್ಟಿಗೂ ತಾಳೆಯಿಲ್ಲ

ಹೊಸೂರು: ಇಲ್ಲಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ ಅನೇಕ ಗೇಟುಗಳ ಪಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಹಸಿರು ಬೋರ್ಡು ಕಾಣಸಿಗುತ್ತದೆ. ‘ಅಪಘಾತವಿಲ್ಲದೆ ಕಳೆದ ದಿನಗಳು’ ಎಂದು ತಮಿಳು, ಇಂಗ್ಲಿಷಿನಲ್ಲಿ ಬರೆದು ಕೆಳಗೊಂದು ಸಂಖ್ಯೆ. ಹಿಂದೆ ಸೆಕ್ಯುರಿಟಿಯವರು ಬೆಳಿಗ್ಗೆ ಸೀಮೆಸುಣ್ಣ ಹಿಡಿದು ತಿದ್ದುತ್ತಿದ್ದ ಆ ಸಂಖ್ಯೆ ಈಗ ಎಷ್ಟೋ ಕಡೆ ಕೆಂಪು ದೀಪದ ಅಂಕಿಯಾಗಿದೆ. ಒಳಗಿನ ಕಂಪ್ಯೂಟರ್ ಹೇಳಿದಂತೆ ಮಧ್ಯರಾತ್ರಿ ತಾನಾಗಿಯೇ ಒಂದು ಏರುತ್ತದೆ.

ಅಂಥದೇ ಒಂದು ಬೋರ್ಡಿರುವ ಚಿಕ್ಕ ಪ್ರೆಸ್ ಶಾಪಿನಲ್ಲಿ ತಳಿ ಕಡೆಯ ಹಳ್ಳಿಯೊಂದರ 38 ವರ್ಷದ ಕಾರ್ಮಿಕರೊಬ್ಬರ ಎಡಗೈ ತೋರುಬೆರಳಿನ ತುದಿ ಹೋಯಿತು. ದೊಡ್ಡ ಕಂಪನಿಗಳಿಗೆ ತಗಡಿನ ಬಿಡಿಭಾಗ ಒತ್ತಿ ಕೊಡುವ ಘಟಕ ಅದು. ಮರುದಿನ ಬೋರ್ಡು ಸೊನ್ನೆಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಒಂದು ಏರಿತು.

‘ಮಾರ್ನೇ ದಿನ್ವೇ ಗಾಡಿ ಕಳ್ಸಿದ್ರು ಅಣ್ಣಾ. ಬಂದು ಸುಮ್ನೆ ಆಫೀಸಲ್ಲಿ ಕೂತ್ಕೊಳ್ಳಿ, ಸಂಬ್ಳ ಕಟ್ ಆಗಲ್ಲ ಅಂದ್ರು. ನಾವೂ ಎಷ್ಟ್ ಒಳ್ಳೇವ್ರು ಅನ್ಕೊಂಡ್ವಿ’ ಎನ್ನುತ್ತಾರೆ ಅವರ ಹೆಂಡತಿ. ಹೆಸರು, ಊರು ಹಾಕಬಾರದು ಎಂಬ ಷರತ್ತಿನ ಮೇಲೆ ಮಾತಾಡಿದರು. ಗಂಡ ಇನ್ನೂ ಅದೇ ಕಡೆ ಕೆಲಸಕ್ಕೆ ಹೋಗುತ್ತಿದ್ದಾರೆ.

ಗಾಡಿ ಕಳಿಸಿದ್ದರ ಹಿಂದೆ ಒಂದು ಲೆಕ್ಕವಿದೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ, ಗಾಯಗೊಂಡವರು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡಲಾಗದಿದ್ದರೆ ಕಾರ್ಖಾನೆಯವರು ಇಲಾಖೆಗೆ ಅಪಘಾತದ ನೋಟಿಸ್ ಕೊಡಬೇಕಿತ್ತು. ಅದರ ಜಾಗಕ್ಕೆ 2020ರ ವೃತ್ತಿ ಸುರಕ್ಷತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಈ ಸಂಹಿತೆಯಲ್ಲೂ ಅದೇ 48 ಗಂಟೆ. ಅಷ್ಟರೊಳಗೆ ಕಟ್ಟು ಹಾಕಿದ ಕೈಯಲ್ಲೇ ಆಳನ್ನು ತಂದು ಕುರ್ಚಿಯ ಮೇಲೆ ಕೂರಿಸಿ ಪಂಚಿಂಗ್ ಮಾಡಿಸಿದರೆ ಹಾಜರಿ ಬೀಳುತ್ತದೆ. ಕಂಪ್ಯೂಟರಿನ ಪಾಲಿಗೆ ಆತ ಕೆಲಸದಲ್ಲಿದ್ದಾನೆ. ‘ದಿನ ನಷ್ಟವಾದ ಗಾಯ’ ಎಂಬ ಕಲಂ ಖಾಲಿ.

ಇದು ಹೊಸೂರಿನಲ್ಲಿ ಮಾತ್ರ ನಡೆಯುವ ಜಾಣತನವಲ್ಲ, ಎಲ್ಲ ಕಾರ್ಖಾನೆಗಳೂ ಹೀಗೆಯೇ ಎಂದೂ ಅಲ್ಲ. ಆದರೆ ಗಡಿಭಾಗದ ನಮ್ಮ ಮನೆಗಳಿಂದ ದಿನಾ ಬೆಳಿಗ್ಗೆ ಕಂಪನಿ ಬಸ್ ಹತ್ತುವವರ ಸಂಖ್ಯೆ ಸಣ್ಣದಲ್ಲ. ತಳಿ, ದೇಂಕಣಿಕೋಟೆ, ಬಾಗಲೂರು, ಮತ್ತಿಗಿರಿ ಕಡೆಯಿಂದ ಬರುವವರಿದ್ದಾರೆ. ಜೂಜುವಾಡಿ ಚೆಕ್‌ಪೋಸ್ಟ್ ದಾಟಿ ಅತ್ತಿಬೆಲೆ, ಆನೇಕಲ್ ಕಡೆಯಿಂದ ಬರುವವರೂ ಇದ್ದಾರೆ. ಅವರ ಕೈಕಾಲಿನ ಲೆಕ್ಕ ಈಗ ರಿಜಿಸ್ಟರಿನಿಂದ ಸಾಫ್ಟ್‌ವೇರಿಗೆ ಸಾಗಿದೆ. ಅದರಿಂದ ಏನು ಸಿಕ್ಕಿತು, ಏನು ಸಿಕ್ಕಿಲ್ಲ ಎಂದು ನೋಡಬೇಕಿದೆ.

ರಿಜಿಸ್ಟರ್ ಹೋಗಿ ಮೊಬೈಲ್ ಬಂತು

ಸುರಕ್ಷತಾ ಅಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಹಳೆಯ ಕಾಲವನ್ನು ನೆನಪಿಸಿಕೊಳ್ಳುತ್ತಾರೆ. ‘ದಪ್ಪ ಬೈಂಡಿನ ಪುಸ್ತಕ ಇರ್ತಿತ್ತು. ಇನ್ಸ್‌ಪೆಕ್ಟರ್ ಬರ್ತಾರೆ ಅಂದ್ರೆ ಹಿಂದಿನ ಆರು ತಿಂಗಳದ್ದು ಒಂದೇ ಪೆನ್ನಲ್ಲಿ ಬರೀತಿದ್ವಿ. ಇಂಕು ನೋಡಿದ್ರೇ ಗೊತ್ತಾಗ್ತಿತ್ತು!’ ಎಂದು ನಗುತ್ತಾರೆ.

ಈಗಿನ ವ್ಯವಸ್ಥೆಯೇ ಬೇರೆ. ಗಾಯವಾದರೆ ಸೂಪರ್‌ವೈಜರ್ ಮೊಬೈಲಿನಲ್ಲಿ ತುಂಬಿಸಬೇಕು: ಯಾವ ಮೆಷಿನ್, ಯಾವ ಶಿಫ್ಟ್, ಎಷ್ಟನೇ ಗಂಟೆ, ದೇಹದ ಯಾವ ಭಾಗ, ಫೋಟೊ. ವೆಲ್ಡಿಂಗಿಗೆ, ಎತ್ತರದ ಕೆಲಸಕ್ಕೆ, ಟ್ಯಾಂಕಿನೊಳಗೆ ಇಳಿಯಲು ಕೊಡುವ ಪರ್ಮಿಟ್ ಕೂಡ ಅದರಲ್ಲೇ. ಕ್ರೇನ್ ಓಡಿಸುವವರ ತರಬೇತಿ ಅವಧಿ ಮುಗಿದಿದ್ದರೆ ಹೆಸರು ಕೆಂಪಾಗುತ್ತದೆ. ತಪಾಸಣೆಯಲ್ಲಿ ಕಂಡ ದೋಷವನ್ನು ಯಾರು, ಯಾವ ತಾರೀಖಿನೊಳಗೆ ಸರಿಪಡಿಸಬೇಕು ಎಂಬುದು ಮೇಲಿನವರ ಪರದೆಯಲ್ಲೂ ಕಾಣುತ್ತದೆ. ಪುಸ್ತಕದಲ್ಲಿ ಒಂದು ಸಾಲಾಗಿ ಹೂತುಹೋಗುತ್ತಿದ್ದ ದೂರು ಇಲ್ಲಿ ಮುಚ್ಚುವ ತನಕ ತೆರೆದೇ ಇರುತ್ತದೆ. ಇದು ಸಣ್ಣ ಲಾಭವಲ್ಲ.

ನಿಜವಾದ ಲಾಭ ಬರುವುದು ಕೂಡಿಸಿ ನೋಡಿದಾಗ. ಒಂದು ವರ್ಷದಲ್ಲಿ ಆದ ಹತ್ತು ಕೈಗಾಯಗಳನ್ನು ಬಿಡಿಬಿಡಿಯಾಗಿ ನೋಡಿದರೆ ಹತ್ತೂ ‘ಕಾರ್ಮಿಕನ ಅಜಾಗರೂಕತೆ’. ಅವನ್ನೇ ಮೆಷಿನ್ ಮತ್ತು ಗಂಟೆಯ ಪ್ರಕಾರ ಜೋಡಿಸಿದಾಗ ಹೆಚ್ಚಿನವು ಒಂದೇ ಪ್ರೆಸ್‌ನಲ್ಲಿ, ಡೈ ಬದಲಿಸಿದ ಮೇಲೆ, ಡಬಲ್ ಶಿಫ್ಟಿನ ಕೊನೆಯ ಎರಡು ಗಂಟೆಯಲ್ಲಿ ಆಗಿವೆ ಎಂದು ಕಂಡುಬಂದರೆ? ಆಗ ಬೈಗುಳ ತಿನ್ನಬೇಕಾದವರು ಬೇರೆಯೇ ಆಗುತ್ತಾರೆ. ಪ್ರೆಸ್‌ನ ವಿಷಯ ಬಲ್ಲವರಿಗೆ ಇನ್ನೊಂದೂ ಗೊತ್ತು. ಎರಡೂ ಕೈಯಲ್ಲಿ ಎರಡು ಬಟನ್ ಒತ್ತಿದರೆ ಮಾತ್ರ ಒತ್ತುವಂತೆ ಮೆಷಿನ್ ಮಾಡಿರುತ್ತಾರೆ, ಕೈ ಡೈ ಕೆಳಗೆ ಹೋಗಬಾರದೆಂದು. ಉತ್ಪಾದನೆ ಸಾಲದು ಎಂದಾಗ ಒಂದು ಬಟನ್ನಿಗೆ ಏನಾದರೂ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುವುದೂ ಉಂಟು. ಹೊಸ ಕಂಟ್ರೋಲ್ ಇರುವ ಪ್ರೆಸ್‌ನಲ್ಲಿ ಬಟನ್ ಹಾಗೆ ಸಿಕ್ಕಿಕೊಂಡಿದ್ದರೆ ಮೆಷಿನ್ ನಿಲ್ಲುತ್ತದೆ, ನಿಂತದ್ದು ದಾಖಲಾಗುತ್ತದೆ. ಬೆಳಕಿನ ಪರದೆ ಸೆನ್ಸರ್ ಇದ್ದರೆ ಕೈ ಅಡ್ಡ ಬಂದ ಕೂಡಲೇ ಪ್ರೆಸ್ ತಡೆಯುತ್ತದೆ. ಇವೆರಡೂ ಇಲ್ಲದ ಹಳೆ ಪ್ರೆಸ್‌ಗಳು ಸಣ್ಣ ಶೆಡ್ಡುಗಳಲ್ಲಿ ಇನ್ನೂ ದಡಬಡ ಓಡುತ್ತಿವೆ. ನಮ್ಮ ತಳಿಯವರ ಪ್ರೆಸ್ ಅಂಥದ್ದೇ.

ಸಣ್ಣ ಶೆಡ್ಡಿನ ಸೊನ್ನೆ

ಹಾಗಾದರೆ ಸಣ್ಣ ಶೆಡ್ಡಿನವರಿಗೆ ಬೋರ್ಡು ಯಾಕೆ? ಮಾಲು ಕೊಳ್ಳುವ ದೊಡ್ಡ ಕಂಪನಿಗಳು ಕೇಳುತ್ತವೆ. ಪ್ರತಿ ತಿಂಗಳು ಅವರ ಪೋರ್ಟಲ್‌ಗೆ ಸುರಕ್ಷತೆಯ ಅಂಕಿ ಹಾಕಬೇಕು. ಅಂಕಿ ಕೆಟ್ಟರೆ ಆಡಿಟ್, ಆಡಿಟ್ ಕೆಟ್ಟರೆ ಆರ್ಡರಿಗೆ ಕುತ್ತು.

ಈ ಅಂಕಿಯ ಗಣಿತ ಸ್ವಲ್ಪ ನೋಡೋಣ. ನಮ್ಮಲ್ಲಿ ಸಾಮಾನ್ಯವಾಗಿ ದಿನ ನಷ್ಟವಾದ ಗಾಯಗಳನ್ನು ಹತ್ತು ಲಕ್ಷ ಕೆಲಸದ ಗಂಟೆಗೆ ಇಷ್ಟು ಎಂದು ಎಣಿಸುತ್ತಾರೆ. 200 ಜನರ ಕಾರ್ಖಾನೆಯಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿದರೆ 4,80,000 ಗಂಟೆ. ವರ್ಷಕ್ಕೊಂದು ಗಾಯವಾದರೆ ದರ ಸುಮಾರು 2. ಅದೇ 20 ಜನರ ಶೆಡ್ಡಿನಲ್ಲಿ ಗಂಟೆಗಳು 48,000 ಮಾತ್ರ. ಅದೇ ಒಂದು ಗಾಯಕ್ಕೆ ದರ ಸುಮಾರು 21ಕ್ಕೆ ಹಾರುತ್ತದೆ! ಗಾಯ ಆಗದಿದ್ದರೆ ಸೊನ್ನೆ. ಸೊನ್ನೆ, ಇಲ್ಲವೇ ಇಪ್ಪತ್ತೊಂದು. ನಡುವೆ ಏನೂ ಇಲ್ಲ. ಇಷ್ಟು ಸಣ್ಣ ಜಾಗದಲ್ಲಿ ಒಂದು ವರ್ಷದ ಸೊನ್ನೆ ಸುರಕ್ಷತೆಯನ್ನೂ ತೋರಿಸಬಹುದು, ಬರೀ ಅದೃಷ್ಟವನ್ನೂ ತೋರಿಸಬಹುದು. ಪರದೆ ಮೇಲೆ ಎರಡೂ ಹಸಿರೇ. ಹೀಗಿರುವಾಗ ಒಂದೇ ಒಂದು ಗಾಯ ಬರೆಯಲು ಮಾಲೀಕನ ಕೈ ನಡುಗಿದರೆ ಆಶ್ಚರ್ಯವಿಲ್ಲ. ಮಾಲೀಕನೊಬ್ಬನನ್ನೇ ಬೈದು ಪ್ರಯೋಜನವಿಲ್ಲ, ಸೊನ್ನೆಯನ್ನೇ ಕೇಳುವವರದ್ದೂ ಪಾಲಿದೆ ಎಂಬುದು ಈ ವರದಿಗಾರನ ಅನಿಸಿಕೆ.

ಹಸಿರು ಅಂಕಿ ನಂಬಿ ಕೆಟ್ಟ ದೊಡ್ಡ ಉದಾಹರಣೆ ಅಮೆರಿಕದ್ದು. 2005ರ ಮಾರ್ಚ್ 23ರಂದು ಟೆಕ್ಸಾಸ್ ಸಿಟಿಯ ಬಿಪಿ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟವಾಗಿ 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಸತ್ತ 15 ಜನರೂ ಗುತ್ತಿಗೆ ಕಂಪನಿಗಳವರು. ಒಂದು ತಿಂಗಳು ದಿನ ನಷ್ಟದ ಗಾಯವಾಗಲಿಲ್ಲವೆಂದು ಅಂದೇ ಮಧ್ಯಾಹ್ನ ಗುತ್ತಿಗೆ ಕಾರ್ಮಿಕರಿಗೆ ಊಟ ಹಾಕಿಸಲಾಗಿತ್ತು. ಉಂಡು ಬಂದು ಟ್ರೇಲರ್‌ನಲ್ಲಿ ಕೂತವರು ಮತ್ತೆ ಏಳಲಿಲ್ಲ.

ಅಲ್ಲಿ ಕಂಪ್ಯೂಟರ್ ಇರಲಿಲ್ಲವೇ? ಇತ್ತು. ಗೋಪುರದಂಥ ಒಂದು ಪಾತ್ರೆಯೊಳಗೆ ದ್ರವ ತುಂಬುತ್ತಿತ್ತು. ಒಳಗೆ 158 ಅಡಿ ಏರಿದ್ದಾಗ ಕಂಟ್ರೋಲ್ ರೂಮಿನ ಪರದೆ ಸುಮಾರು 8.4 ಅಡಿ ಎಂದು ತೋರಿಸುತ್ತಿತ್ತು, ಅದೂ ಇಳಿಯುತ್ತಿದೆ ಎಂದು. ಆ ಮಾಪಕ ಪಾತ್ರೆಯ ತಳದ ಕೆಲವೇ ಅಡಿಗಳನ್ನು ಅಳೆಯುವಂಥದ್ದು, ಅದರ ಹೊಂದಾಣಿಕೆಯೂ ಸರಿಯಿರಲಿಲ್ಲ. ಮೇಲ್ಮಟ್ಟದ ಎಚ್ಚರಿಕೆಯ ಗಂಟೆ ಕೆಟ್ಟಿತ್ತು. ಜಾರಿ ಬಿದ್ದದ್ದು, ಕೈ ಕುಯ್ದುಕೊಂಡದ್ದರ ದರ ಕಡಿಮೆಯಾದದ್ದನ್ನು ನೋಡಿ ಇಡೀ ಸ್ಥಾವರ ಚೆನ್ನಾಗಿದೆ ಎಂದು ನಂಬಿದ್ದೇ ತಪ್ಪು ಎಂದು ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ 2007ರ ವರದಿಯಲ್ಲಿ ಹೇಳಿತು.

ಗುತ್ತಿಗೆಯವರ ಲೆಕ್ಕದ ಮಾತು ಬಂದಾಗ ನಮ್ಮ ಹತ್ತಿರದ್ದೇ ಒಂದು ನೆನಪಾಗುತ್ತದೆ. ಬೀದರ್ ಜಿಲ್ಲೆಗೆ ತಾಗಿಕೊಂಡಿರುವ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಪಾಶಮೈಲಾರಂನಲ್ಲಿ 2025ರ ಜೂನ್ 30ರಂದು ಔಷಧ ಸಾಮಗ್ರಿ ಘಟಕವೊಂದು ಸ್ಫೋಟಿಸಿ 40ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅನೇಕರು ದೂರದ ರಾಜ್ಯಗಳಿಂದ ಬಂದವರು. ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆ ಬೇಕಾಯಿತು. ಮನೆಯವರು ದಿನಗಟ್ಟಲೆ ಆಸ್ಪತ್ರೆ ಬಾಗಿಲಲ್ಲಿ ಕಾದರು. ಈ ಕ್ಷಣದಲ್ಲಿ ಒಳಗೆ ಯಾರು ಯಾರಿದ್ದಾರೆ, ಯಾವ ಕಟ್ಟಡದಲ್ಲಿ ಎಂದು ಹೇಳಬಲ್ಲ ಪಟ್ಟಿ ಗೇಟಿನ ಹೊರಗೂ ಒಂದಿರಬೇಕು. ಗುತ್ತಿಗೆದಾರನ ಚೀಟಿಯಲ್ಲಿರುವ ಹೆಸರೂ ಅದರಲ್ಲಿ ಸೇರಿರಬೇಕು. ಸಾಫ್ಟ್‌ವೇರಿಗೆ ಇದಕ್ಕಿಂತ ಸುಲಭದ ಕೆಲಸವಿಲ್ಲ.

ತಲೆಗೆ ಬಂದದ್ದು ಮುಂಡಾಸಿಗೆ

‘ಗಾಯದ ಲೆಕ್ಕ ಬಿಡಿ, ಗಾಯ ಆಗದೆ ಉಳಿದದ್ದರ ಲೆಕ್ಕ ಕೊಡಿ’ ಎನ್ನುತ್ತಾರೆ ನಿವೃತ್ತ ಅಧಿಕಾರಿ. ಕಾರ್ಖಾನೆಯವರು ‘ನಿಯರ್ ಮಿಸ್’ ಎನ್ನುವುದು ಇದಕ್ಕೇ. ನಮ್ಮ ಹಿರಿಯರು ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎನ್ನುತ್ತಿದ್ದರಲ್ಲ, ಅದು. ಸರಪಳಿ ಜಾರಿ ಬಿತ್ತು, ಯಾರೂ ಕೆಳಗಿರಲಿಲ್ಲ. ಪ್ರೆಸ್ ತಾನಾಗಿ ಎರಡನೇ ಸಲ ಒತ್ತಿತು, ಕೈ ಹೊರಗಿತ್ತು. ದೇವರು ದೊಡ್ಡವನು ಎಂದು ಮುಂದಿನ ಪೀಸ್ ಹಾಕುತ್ತಾರೆ.

ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ವಿಮಾನದವರು ಮುಖ್ಯರು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿ ಟಿಡಬ್ಲ್ಯೂಎ ಕಂಪನಿಯ ವಿಮಾನ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 92 ಜನರೂ ಸತ್ತರು. ಇಳಿಯಲು ಕೊಟ್ಟ ಸೂಚನೆಯನ್ನು ಪೈಲಟ್‌ಗಳು ಒಂದು ರೀತಿ, ಕೆಳಗಿದ್ದ ನಿಯಂತ್ರಕರು ಇನ್ನೊಂದು ರೀತಿ ಅರ್ಥ ಮಾಡಿಕೊಂಡಿದ್ದರು. ಸುಮಾರು ಆರು ವಾರ ಮೊದಲು ಬೇರೊಂದು ಕಂಪನಿಯ ವಿಮಾನ ಅಲ್ಲೇ ಅದೇ ಗೊಂದಲದಲ್ಲಿ ಸಿಕ್ಕಿ ಸ್ವಲ್ಪದರಲ್ಲಿ ಪಾರಾಗಿತ್ತು ಎಂಬುದು ಆಮೇಲೆ ತಿಳಿಯಿತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಹೇಳಿತ್ತು. ಉಳಿದವರಿಗೆ ತಲುಪಿರಲಿಲ್ಲ. 1976ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಇಂಥ ವರದಿಗಳನ್ನು ಸಂಗ್ರಹಿಸುವ ವ್ಯವಸ್ಥೆ ಶುರುಮಾಡಿತು. ವಿಮಾನ ಇಲಾಖೆಯೇ ಸಂಗ್ರಹಿಸಿದರೆ ಶಿಕ್ಷೆಯ ಭಯಕ್ಕೆ ಯಾರೂ ಬರೆಯುವುದಿಲ್ಲವೆಂದು ದಂಡ ಹಾಕುವ ಅಧಿಕಾರವಿಲ್ಲದ ನಾಸಾಗೆ ಒಪ್ಪಿಸಿದರು. ಬರೆದವರ ಹೆಸರು ತೆಗೆದು ವಿಷಯ ಮಾತ್ರ ಇಟ್ಟುಕೊಳ್ಳುತ್ತಾರೆ. ಈವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ವರದಿಗಳು ಬಂದಿವೆ.

ನಮ್ಮ ಕಾರ್ಖಾನೆಗಳ ಮೊಬೈಲ್ ಆ್ಯಪ್‌ಗಳಲ್ಲಿ ನಿಯರ್ ಮಿಸ್ ಪುಟ ಇದ್ದೇ ಇರುತ್ತದೆ. ಆದರೆ ಲಾಗಿನ್ ಆಗದೆ ಬರೆಯಲಾಗದು. ಲಾಗಿನ್ ಆದರೆ ಹೆಸರು ಬೀಳುತ್ತದೆ. ‘ಕಾಂಟ್ರಾಕ್ಟ್‌ನಲ್ಲಿರೋನು ಹೆಸ್ರು ಹಾಕಿ ಬರ್ದ ಅನ್ಕೊಳ್ಳಿ. ಮುಂದಿನ ತಿಂಗ್ಳು ಗೇಟ್ ಪಾಸ್ ಬರ್ಬೇಕಲ್ಲ?’ ಎಂದು ಮತ್ತಿಗಿರಿ ಕಡೆಯ ಯುವಕರೊಬ್ಬರು ಕೇಳಿದರು. ಇನ್ನೊಂದು ಕಡೆ, ತಿಂಗಳಿಗೆ ತಲಾ ಇಷ್ಟು ನಿಯರ್ ಮಿಸ್ ಬರೆಯಲೇಬೇಕು ಎಂದು ಟಾರ್ಗೆಟ್ ಕೊಟ್ಟಿದ್ದಾರಂತೆ. ‘ನೆಲದ ಮೇಲೆ ನೀರು ಬಿದ್ದಿತ್ತು ಅಂತ ಎಲ್ರೂ ಬರೀತಾರೆ. ಒಂದೇ ನೀರು, ಹದಿನೈದು ಜನ!’

ಓದಲು ಬಾರದ ಎಚ್ಚರಿಕೆ

ಇನ್ನು ಭಾಷೆಯ ವಿಷಯ. 1948ರ ಕಾಯ್ದೆಯ 108ನೇ ಕಲಂ ಪ್ರಕಾರ ಕಾರ್ಖಾನೆಯ ನೋಟಿಸುಗಳು ಇಂಗ್ಲಿಷಿನಲ್ಲಿ ಮತ್ತು ಅಲ್ಲಿನ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕಿತ್ತು. ಬಹುಪಾಲು ಎಂದ ಮೇಲೆ ಹೊಸೂರಿನಲ್ಲಿ ತಮಿಳು, ಅದು ಸಹಜವೇ. ಉಳಿದ ಕನ್ನಡದವರು, ತೆಲುಗಿನವರು, ಈಗೀಗ ಹೆಚ್ಚಾಗಿರುವ ಹಿಂದಿ, ಒಡಿಯಾದವರು ಅಕ್ಕಪಕ್ಕದವರನ್ನು ಕೇಳಿ ತಿಳಿದುಕೊಳ್ಳಬೇಕು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಶಾಲೆಗೆ ಸೇರಿದ ಮಕ್ಕಳ ಮಾತು ಬೇರೆ. ಅದಕ್ಕೂ ಮೊದಲು ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ತಳಿಯವರಿಗೆ ತಮಿಳು ಮಾತಾಡಲು ಸಲೀಸು, ಓದಲು ತಡವರಿಕೆ. ಪ್ರೆಸ್ ಪಕ್ಕದ ಗೋಡೆಯ ಮೇಲಿದ್ದ ಸೂಚನೆಯಲ್ಲಿ ಏನಿತ್ತು ಎಂದು ಕೇಳಿದ್ದಕ್ಕೆ, ‘ಕೈ ಚಿತ್ರ ಇತ್ತು ಸಾರ್, ಅದರ ಮೇಲೆ ಅಡ್ಡಗೆರೆ. ಕೆಳಗ್ ಬರ್ದಿದ್ನ ಪೂರ್ತಿ ಓದಿಲ್ಲ’ ಎಂದರು.

ಗೋಡೆಯ ಮೇಲೆ ಐದು ಭಾಷೆಯ ಬೋರ್ಡು ಬರೆಸುವುದು ಕಷ್ಟ ಎನ್ನಬಹುದು. ಮೊಬೈಲಿಗೆ ಆ ನೆಪವಿಲ್ಲ. ಒಂದು ಬಾರಿ ತರ್ಜುಮೆ ಮಾಡಿಸಿದರೆ ಬೇಕಾದವರು ಬೇಕಾದ ಭಾಷೆ ಆರಿಸಿಕೊಳ್ಳಬಹುದು, ಬರೆಯಲಾಗದವರು ಮಾತಿನಲ್ಲೇ ಹೇಳಿ ರೆಕಾರ್ಡ್ ಮಾಡಬಹುದು. ಸಾಫ್ಟ್‌ವೇರ್‌ನಿಂದ ಗಡಿಭಾಗದವರಿಗೆ ತಕ್ಷಣ ಆಗಬಹುದಾದ ಉಪಕಾರ ಇದೊಂದೇ ಎಂದರೂ ತಪ್ಪಲ್ಲ. ಕೇಳಬೇಕಷ್ಟೆ.

ಕಾರ್ಖಾನೆಯವರ ಅಂಕಿ ಬಿಟ್ಟು ಬೇರೆ ದಾರಿಯಲ್ಲಿ ಲೆಕ್ಕ ಹಾಕಿದವರೂ ಇದ್ದಾರೆ. ಹರಿಯಾಣದ ಗುರುಗ್ರಾಮ, ಮಾನೇಸರ್, ಫರೀದಾಬಾದ್ ಕಡೆ ಸೇಫ್ ಇನ್ ಇಂಡಿಯಾ ಫೌಂಡೇಶನ್ ಎಂಬ ಸಂಸ್ಥೆ ಗಾಯಗೊಂಡ ವಾಹನ ಬಿಡಿಭಾಗ ಕಾರ್ಮಿಕರಿಗೆ ಇಎಸ್ಐ ಸೌಲಭ್ಯ ಕೊಡಿಸುತ್ತಾ, ಅವರು ಹೇಳಿದ್ದನ್ನೇ ಕೂಡಿಸಿ 2019ರಿಂದ ‘ಕ್ರಶ್ಡ್’ ಎಂಬ ವರದಿಗಳನ್ನು ಹೊರತರುತ್ತಿದೆ. ಕೈಗಾಯಗಳಿಗೆ ಪವರ್ ಪ್ರೆಸ್‌ಗಳೇ ದೊಡ್ಡ ಕಾರಣ ಎಂಬುದು ಆ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇನ್ನೊಂದು ಸಂಗತಿ ನಮ್ಮವರು ಕಿವಿಗೊಡಬೇಕಾದದ್ದು: ಗಾಯಗೊಂಡ ಎಷ್ಟೋ ಜನರಿಗೆ ಇಎಸ್ಐನ ಇ-ಪೆಹಚಾನ್ ಕಾರ್ಡ್ ಸಿಕ್ಕಿದ್ದೇ ಅಪಘಾತವಾದ ಮೇಲೆ.

ಮನೆಯಲ್ಲಿರಬೇಕಾದ ದಾಖಲೆ

ಇಎಸ್ಐ ಕೇಂದ್ರದ ಯೋಜನೆ. ಗಡಿ ಯಾವ ಕಡೆಯಿದ್ದರೂ ನಿಯಮ ಒಂದೇ. ದುಡಿಯುವವರು ಹೊಸೂರಿನಲ್ಲಿದ್ದು ಕುಟುಂಬ ಆನೇಕಲ್ ಕಡೆಯಿದ್ದರೆ ಕುಟುಂಬಕ್ಕೆ ಅಲ್ಲಿನ ಚಿಕಿತ್ಸಾಲಯವನ್ನೇ ಆರಿಸಿಕೊಳ್ಳಬಹುದು. ಕೆಲಸದಲ್ಲಾದ ಗಾಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಎಂಬ ನಿಬಂಧನೆ ಇಲ್ಲ, ಸೇರಿದ ಮೊದಲ ದಿನವೇ ಆದರೂ ಹಕ್ಕಿದೆ. ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ದುಡಿಯಲಾಗದಿದ್ದರೆ ವೇತನದ ಶೇ 90ರ ದರದಲ್ಲಿ ಪರಿಹಾರ. ಬೆರಳು ಶಾಶ್ವತವಾಗಿ ಹೋಗಿದ್ದರೆ ವೈದ್ಯಕೀಯ ಮಂಡಳಿ ದುಡಿಮೆಯ ನಷ್ಟ ಎಷ್ಟು ಶೇಕಡಾ ಎಂದು ಹೇಳುತ್ತದೆ, ಅದರಂತೆ ಜೀವನಪರ್ಯಂತ ಹಣ ಬರುತ್ತದೆ.

ಇವೆಲ್ಲಕ್ಕೂ ಮೊದಲ ಮೆಟ್ಟಿಲು ಮಾಲೀಕರು ಆನ್‌ಲೈನಿನಲ್ಲಿ ಹಾಕುವ ಅಪಘಾತ ವರದಿ. ಅದನ್ನು ಹಾಕಿಸುವ ತನಕ ಬಿಡಬಾರದು. ಕೆಲಸಕ್ಕೆ ಸೇರಿದ ದಿನವೇ ವಿಮಾ ಸಂಖ್ಯೆ ಕೇಳಿ ಪಡೆದು ಮನೆಯಲ್ಲೂ ಬರೆದಿಡಬೇಕು. ಗಾಯವಾದರೆ ತಾರೀಖು, ಗಂಟೆ, ಮೆಷಿನ್, ಪಕ್ಕದಲ್ಲಿದ್ದವರ ಹೆಸರು ಗುರುತು ಹಾಕಿಕೊಳ್ಳಬೇಕು. ಮೊದಲು ಕರೆದೊಯ್ದ ಆಸ್ಪತ್ರೆಯ ಚೀಟಿ ಎಸೆಯಬಾರದು. ಆ ಚೀಟಿಯಲ್ಲಿ ‘ಮನೆಯಲ್ಲಿ ಬಾಗಿಲು ಸಿಕ್ಕಿಕೊಂಡು’ ಎಂದು ಬರೆಸಲು ಯಾರಾದರೂ ಹೇಳಿಕೊಟ್ಟರೆ ಒಪ್ಪಲೇಬಾರದು.

ತಳಿಯವರ ಮನೆಯಲ್ಲಿ ಚೀಟಿ ಉಳಿದಿದೆ. ಹೆಂಡತಿ ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ‘ಮೆಷಿನ್‌ನಲ್ಲಿ ಸಿಕ್ಕಿ ಗಾಯ’ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ತಾರೀಖು ಇದೆ, ಗಂಟೆಯೂ ಇದೆ. ಅದರ ಜೆರಾಕ್ಸ್ ಸೇರಿಸಿ ಇಎಸ್ಐ ಶಾಖಾ ಕಚೇರಿಗೆ ಅರ್ಜಿ ಕೊಟ್ಟಿದ್ದಾರೆ. ಬರೆದುಕೊಟ್ಟದ್ದು ಹತ್ತನೇ ತರಗತಿಯ ಮಗಳು, ತಮಿಳಿನಲ್ಲಿ. ಅಲ್ಲಿಂದ ಕಾರ್ಖಾನೆಗೆ ವಿವರ ಕೇಳಿ ಪತ್ರ ಹೋಗಿದೆಯಂತೆ.

‘ಅವ್ರ ಕಂಪ್ಯೂಟ್ರಲ್ಲಿ ನಮ್ಮನೆಯೋರು ಅವತ್ತು ಡ್ಯೂಟಿಲಿದ್ರು ಅಂತಿದೆ. ನಾವ್ ಅದ್ನೇ ಕೇಳಿದ್ದು, ಡ್ಯೂಟಿಲಿದ್ರಲ್ಲ, ಆಗ್ಲೇ ಆಗಿದ್ದು ಅಂತ’ ಎಂದರು ಆಕೆ.

ಪತ್ರಕ್ಕೆ ಉತ್ತರ ಬಂದಿಲ್ಲ. ವಾಪಸು ಬರುವಾಗ ಆ ಗೇಟಿನ ಮುಂದೆಯೇ ಹಾದು ಬಂದೆವು. ಎರಡನೇ ಶಿಫ್ಟಿನವರು ಒಳಗೆ ಹೋಗುತ್ತಿದ್ದರು. ಬೋರ್ಡಿನ ಅಂಕಿ ಹಿಂದಿನ ವಾರ ನೋಡಿದ್ದಕ್ಕಿಂತ ಏಳು ಹೆಚ್ಚಿತ್ತು.